ಗ್ಯಾಲರಿಯ ನಝರೇನಾ

ಇಟಲಿಯ ನಮ್ಮೂರ ಹಳೆಯ ರಂಗಮಂದಿರ ನೋಡಲು ಬರುವವರೆಲ್ಲ ದೊಡ್ಡ ಬಾಗಿಲ ಮುಂದೆ ಕಾಯುತ್ತಾರೆ. ಟಿಕೆಟ್ ಕೊಡುವ ನಝರೇನಾ ಮಾತ್ರ ಅವರನ್ನು ಪಕ್ಕದ ಓಣಿಗೆ ಕರೆದೊಯ್ದು, ಸೂರಿನಡಿಯ ಅಗ್ಗದ ಸೀಟುಗಳ ಗ್ಯಾಲರಿಗೆ ತೊಂಬತ್ತೆರಡು ಮೆಟ್ಟಿಲು ಹತ್ತಿಸಿ, ಆಮೇಲೆಯೇ ಕೆಳಗೆ ಶ್ರೀಮಂತರು ಕೂರುತ್ತಿದ್ದ ಚಿನ್ನದ ಬಣ್ಣದ ಬಾಕ್ಸುಗಳನ್ನು ತೋರಿಸುವುದು. ಏದುಸಿರು ಬಿಡುವವರನ್ನು ಕಂಡರೆ ಎಪ್ಪತ್ತೆಂಟರ ಆಕೆಗೆ ಒಳಗೊಳಗೇ ಖುಷಿ. ಅಲ್ಲಿ ದೀಪ, ವೈರು ನೋಡಿಕೊಳ್ಳುವವನು ನಾನು. ಹತ್ತಿ ಹತ್ತಿ ನನ್ನ ಮಂಡಿ ಸವೆದಿದೆ.

ಒಪೆರಾ ನಡೆಯುತ್ತಿದ್ದ ಕಾಲದಲ್ಲಿ ಬೂಟು ಹೊಲಿಯುತ್ತಿದ್ದ ಆಕೆಯ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗ್ಯಾಲರಿಗೆ ಬರುತ್ತಿದ್ದ. ಒರಗಲು ಆಸರೆಯಿಲ್ಲದ ಬೆಂಚು, ಕಿಸೆಯಲ್ಲಿ ಆಲಿವ್ ಕಾಯಿ. ಗಾಯಕ ಒಂದು ಸ್ವರ ತಪ್ಪಿದರೂ ಮೇಲಿನವರು ಬಿಡುತ್ತಿರಲಿಲ್ಲ. ಒಬ್ಬನಿಗಂತೂ ಹಾಡಿನ ನಡುವೆಯೇ ಊರಿಗೆ ಹೋಗುವ ರೈಲಿನ ಹೊತ್ತು ಕೂಗಿ ಹೇಳಿದ್ದರಂತೆ. ಒಪೆರಾ ನಿಂತಿತು, ಸಿನಿಮಾ ಬಂತು, ಅದೂ ಹೋಯಿತು. ಈಗ ನೋಡಿ ಹೋಗುವವರಷ್ಟೇ ಉಳಿದಿದ್ದಾರೆ.

ಹೋದ ವಸಂತದಲ್ಲಿ ಬೆನಿಂಕಾಸಾ ಎಂಬ ನಗರಸಭೆಯ ಅಧಿಕಾರಿ ಕಟ್ಟಡದ ನಕ್ಷೆ ಹಿಡಿದು, ಗುಮಾಸ್ತನೊಂದಿಗೆ ಬಂದ; ಓದಿಕೊಂಡ ಅಂಥವರನ್ನು ನಾವು 'ದೊತ್ತೋರೆ' ಎಂದು ಕರೆಯುತ್ತೇವೆ. ಗ್ಯಾಲರಿ ಮುಚ್ಚಿ ಅಲ್ಲಿ ಏಸಿ ಯಂತ್ರಗಳನ್ನು ಇಡುವುದೆಂದು ಅದರಲ್ಲಿ ಗೆರೆ ಎಳೆದಾಗಿತ್ತು. ನಝರೇನಾಳ ಮುಖ ಕಪ್ಪಿಟ್ಟಿತು. ಈ ಕಟ್ಟಡದಲ್ಲಿ ಹಾಡು ಸರಿಯಾಗಿ ಕೇಳಿಸುವುದೇ ಮೇಲೆ, ಬಾಕ್ಸಿನಲ್ಲಲ್ಲ ಎಂದು ಆಕೆ ವಾದಿಸಿದಳು. ಅವನು ನಕ್ಕು ತಳ್ಳಿಹಾಕಿದ. ಆಕೆ ಹೊರಟುಹೋದಳು. ಸಿಟ್ಟು ಮಾಡಿಕೊಂಡು ಮನೆಗೆ ಹೋದಳೆಂದೇ ನಾನೂ ಅಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಬೆನಿಂಕಾಸಾ ರಂಗದ ಮೇಲೆ ನಿಂತು ಗುಮಾಸ್ತನ ಕಿವಿಗೆ ಬಾಗಿ ಪಿಸುಗುಟ್ಟಿದ. ಪಕ್ಕದಲ್ಲಿದ್ದ ನನಗೇ ಕಷ್ಟಪಟ್ಟು ಕೇಳಿಸಿತು. "ಆ ಮುದುಕಿ ಮಾತಿಗೆ ಹೂಂ ಅಂತಿರು. ಸೋಮವಾರ ಕೆಲಸದವ್ರನ್ನ ಕಳಿಸ್ಬಿಡು."

"ಸೋಮವಾರ ಬೇಡ ದೊತ್ತೋರೆ," ಎಂದಿತು ಸೂರಿನ ಕೆಳಗಿಂದ ಒಂದು ದನಿ. "ಅವತ್ತು ನಮ್ಮಲ್ಲಿ ಸಂತೆ, ಲಾರಿ ಒಳಗೆ ಬರಲ್ಲ. ಮುದುಕಿ ಅನ್ನೋದೇನೋ ನಿಜ, ಬಿಡಿ."

ಅವನು ಕತ್ತೆತ್ತಿ ನೋಡಿದ. ಗ್ಯಾಲರಿಯ ಕಟಾಂಜನದ ಮೇಲೆ ಮೊಣಕೈ ಊರಿ ನಝರೇನಾ ಕೂತಿದ್ದಳು. ಅವನ ಕಿವಿ ಕೆಂಪಾಯಿತು. ತಾನೇ ಕೇಳಿ ನೋಡಲು ಮೆಟ್ಟಿಲು ಹತ್ತತೊಡಗಿದ, ಹಿಂದೆ ನಾನು. ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕುಸಿದ. ಕೆಳಗೆ ಒಂಟಿಯಾಗಿದ್ದ ಗುಮಾಸ್ತ ಗೊಣಗಿದ್ದು ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು: "ಈ ಮನುಷ್ಯನ ಜೊತೆ ಬಂದ್ರೆ ಹೊಟ್ಟೆಗೂ ಇಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಝರೇನಾ ನಗಲಿಲ್ಲ.

"ದುಡ್ಡಿದ್ದೋರು ಕೆಳಗಡೆ ಬಾಕ್ಸಲ್ಲಿ ಕೂರ್ತಿದ್ದಿದ್ದು ಜನ ತಮ್ಮನ್ನ ನೋಡ್ಲಿ ಅಂತ, ದೊತ್ತೋರೆ," ಎಂದಳು. "ಹಾಡು ಕೇಳ್ತಿದ್ದೋರು ನಾವು."

ಬೆನಿಂಕಾಸಾ ತೊಡೆಯ ಮೇಲೆ ನಕ್ಷೆ ಬಿಡಿಸಿ, ಪೆನ್ನು ತೆಗೆದು ಗ್ಯಾಲರಿ ಮುಚ್ಚುವ ಆ ಗೆರೆಯನ್ನು ಹೊಡೆದುಹಾಕಿದ.