ನಮ್ಮತ್ತೆಗೂ ಏಡ್ಸಂತೆ!

ನಮ್ಮತ್ತೆಗೆ ಏಡ್ಸ್ ಇದೆಯೆಂದು ಗೌರಿಬಿದನೂರಿನ ಅರ್ಧ ಊರು ನಂಬಿಬಿಟ್ಟಿದೆ. ಸುದ್ದಿ ಹಬ್ಬಿಸಿದ್ದು ಯಾರು? ಸ್ವತಃ ನಮ್ಮತ್ತೆ!

ಆದದ್ದಿಷ್ಟು. ಹೋದ ವಾರ ನನ್ನ ನಾದಿನಿಗೆ ಹೆರಿಗೆಯಾಯಿತು. ಮಗಳ ಜೊತೆಗಿರಲು ಅತ್ತೆ ನಗರಗೆರೆಯಿಂದ ಬಂದು ನರ್ಸಿಂಗ್ ಹೋಮಿನಲ್ಲಿ ಠಿಕಾಣಿ ಹೂಡಿದರು. (ಅದರ ಹೆಸರು ಕೇಳಬೇಡಿ. ನಾಳೆ ಜ್ವರ ಬಂದರೆ ನಾನೂ ಅಲ್ಲಿಗೇ ಹೋಗಬೇಕು.) ಅತ್ತೆ ಆಂಧ್ರದ ಗಡಿಯವರು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ.

ಮರುದಿನ ಅದೇ ವಾರ್ಡಿಗೆ ಒಬ್ಬ ಹುಡುಗಿ ಬಂದಳು. ಹೆರಿಗೆ ನೋವು ಶುರುವಾಗಿತ್ತು. ರಕ್ತದ ರಿಪೋರ್ಟ್ ಬಂದದ್ದೇ ತಡ, ಅವಳ ಮಂಚ ಮೂಲೆಗೆ ಹೋಯಿತು. ಅವಳಿಗಿಂತ ಮೊದಲು, ನಮ್ಮತ್ತೆಯೊಬ್ಬರನ್ನು ಬಿಟ್ಟು, ವಾರ್ಡಿಗೆಲ್ಲ ವಿಷಯ ಗೊತ್ತಾಯಿತು. (ಅವಳ ಹೆಸರನ್ನು ನಾನಂತೂ ಬರೆಯುವುದಿಲ್ಲ.) ಆಯಾ ಕಾಫಿ ಲೋಟವನ್ನು ನೆಲದ ಮೇಲಿಟ್ಟು ಪೊರಕೆಯಿಂದ ತಳ್ಳಿದಳು. ನರ್ಸಮ್ಮ ಎರಡೆರಡು ಗ್ಲೌಸ್ ತೊಟ್ಟು ಕೇಸ್ ಶೀಟ್ ಬರೆದರು. ಪೆನ್ನಿಗೂ ಬರುತ್ತದೆಯೇ ಈ ಕಾಯಿಲೆ?

ಡಾಕ್ಟರಮ್ಮ ಬಾಗಿಲಲ್ಲೇ ನಿಂತು, "ಬೆಂಗಳೂರಿಗೆ ರೆಫರ್ ಮಾಡಿ" ಎಂದರು. ಹುಡುಗಿಯ ಗಂಡ ಗಾಡಿ ಹುಡುಕಿಕೊಂಡು ಓಡಿದ. ದಾರಿಯಲ್ಲೇ ಹೆರಿಗೆಯಾದರೆ ಆ ಎರಡು ಜೀವಕ್ಕೆ ಗತಿ ಯಾರು?

"ಸಿಸ್ಟರ್, ಅವಳು ದೊಡ್ಡಬಳ್ಳಾಪುರಾನೂ ಮುಟ್ಟೋದಿಲ್ಲ" ಎಂದೆ.

"ನೀವು ಪೇಪರಿಗೆ ಬರೆಯೋರಲ್ವಾ? ಹೋಗಿ, ಬರ್ಕೊಳ್ಳಿ" ಎಂದರು ನರ್ಸಮ್ಮ. ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಅತ್ತೆ ಕೇಳಿದರು. "ಏನಾಯ್ತಮ್ಮ ಆ ಹುಡ್ಗೀಗೆ?"

ನರ್ಸಮ್ಮ ಇಡೀ ವಾರ್ಡಿಗೆ ಕೇಳುವಂತೆ ಪಿಸುಗುಟ್ಟಿದರು. "ಏಡ್ಸು!" (ರಿಪೋರ್ಟಿನಲ್ಲಿದ್ದದ್ದು ಬರೀ ಎಚ್‌ಐವಿ. ಪ್ರಮೋಷನ್ ಕೊಟ್ಟವರು ಅವರೇ.)

ತೆಲುಗಿನಲ್ಲಿ ಏಡುಪು ಅಂದರೆ ಅಳು. 'ಏಡುಸ್ತಾ ಉಂದಿ' ಅಂದರೆ ಅಳುತ್ತಿದ್ದಾಳೆ. ಅತ್ತೆಯ ಕಿವಿಗೆ ಏನು ಬಿದ್ದಿರಬೇಕು, ನೀವೇ ಹೇಳಿ.

"ಅಯ್ಯೋ ನಿಮ್ಮ! ಅಷ್ಟಕ್ಕೇ ಮೂಲೆಗೆ ತಳ್ಳಿದ್ರಾ?" ಎನ್ನುತ್ತಾ ಸೀದಾ ಹೋಗಿ ಅವಳ ಮಂಚದ ಮೇಲೇ ಕೂತರು. "ಎಂದುಕು ಏಡುಸ್ತಾವು ತಲ್ಲಿ? ಯಾಕಮ್ಮ ಅಳ್ತೀಯಾ? ನಾನಿದೀನಿ ಕಣಮ್ಮ." ಸೊಂಟ ನೀವಿದರು. ಸೆರಗಿನಿಂದ ಮುಖ ಒರೆಸಿದರು. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿದ್ದ ಹುಡುಗಿ ಆಗ ನಿಜವಾಗಿಯೂ ಅತ್ತಳು.

ಆಮೇಲೆ ಅತ್ತೆ ಬಾಗಿಲ ಕಡೆ ತಿರುಗಿದರು. "ಏನಮ್ಮಾ ಡಾಕ್ಟ್ರಮ್ಮ, ಏಡ್ಸು ಅಂತ ಯಾರಾದ್ರೂ ಬೆಂಗ್ಳೂರಿಗೆ ಓಡಿಸ್ತಾರಾ? ನಾನು ಐದು ಹೆತ್ತಿದೀನಿ. ಐದಕ್ಕೂ ಏಡ್ಸೇ! ನಮ್ಮಮ್ಮಂಗೂ ಏಡ್ಸೇ! ನಿನ್ನೆ ನನ್ ಮಗಳಿಗೂ ಇತ್ತಲ್ಲ!"

ಅತ್ತೆ ಹಂಚಿದ್ದ ಕೊಬ್ಬರಿ ಮಿಠಾಯಿಯನ್ನು ಪಕ್ಕದ ಮಂಚದಾಕೆ ಥೂ ಎಂದು ಉಗಿದಳು. ನನ್ನ ನಾದಿನಿ ತಲೆತುಂಬ ಮುಸುಕೆಳೆದುಕೊಂಡಳು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಬಂದರು. ಬಂದ ಮೇಲೆ ವಾಪಸ್ ಹೋಗಲು ನಾಚಿಕೆಯಾಗಿರಬೇಕು. ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದವರೇ ನಗು ನಿಲ್ಲಿಸಿ, "ಟೈಮಿಲ್ಲ. ಲೇಬರ್ ರೂಮ್ ರೆಡಿ ಮಾಡಿ" ಎಂದರು.

ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಮಗುವಿಗೆ ಸೋಂಕಿದೆಯೋ ಇಲ್ಲವೋ ತಿಳಿಯಲು ಕಾಯಬೇಕಂತೆ. ತಾಯಿ ಮುಂದೆ ಯಾರ ಹತ್ತಿರ ತೋರಿಸಿಕೊಳ್ಳಬೇಕು ಎಂದು ಕೇಳಿದೆ. ನರ್ಸಮ್ಮ ಡಾಕ್ಟರಮ್ಮನನ್ನು ತೋರಿಸಿದರು, ಡಾಕ್ಟರಮ್ಮ ಬೆಂಗಳೂರಿನ ದಿಕ್ಕು ತೋರಿಸಿದರು.

ಸಂಜೆ ವರಾಂಡದಲ್ಲಿ ಅತ್ತೆಗೆ ನಿಜ ಹೇಳಿದೆ. ಅತ್ತೆ ದಡಬಡಿಸಿ ಎದ್ದರು. ನಲ್ಲಿಗೆ ಹೋಗಿ ಮೊಣಕೈವರೆಗೆ ಸೋಪು ಉಜ್ಜಿದರು.

"ಮುಟ್ಟಿದ್ರೆ, ಜೊತೇಲಿ ಕೂತ್ರೆ ಬರೋದಿಲ್ಲ ಅತ್ತೆ" ಎಂದೆ.

"ಡಾಕ್ಟ್ರಮ್ಮಂಗೆ ಇದು ಗೊತ್ತಾ?"

"ಗೊತ್ತಿಲ್ದೆ ಏನು? ಅದನ್ನೇ ಅಲ್ವಾ ಓದಿರೋದು?"

ಅತ್ತೆ ಕೈ ಒರೆಸಿಕೊಂಡು, ಹುಡುಗಿಗೆಂದು ಮಾಡಿಸಿದ್ದ ಗಂಜಿ ಎತ್ತಿಕೊಂಡು ವಾರ್ಡಿಗೆ ಹೊರಟರು. ಬಾಗಿಲಲ್ಲಿ ನಿಂತು ತಿರುಗಿ ನೋಡಿದರು.

"ನಂಗೆ ಗೊತ್ತಿರ್ಲಿಲ್ಲ, ಹತ್ರ ಹೋದೆ. ಗೊತ್ತಿದ್ದೋರು ಯಾಕಮ್ಮ ಹೋಗ್ಲಿಲ್ಲ?"