ಸೊಸೆಯ ಬೈಕು ಎರಡಿಂಚು ಇಳಿದ ಪ್ರಯಾಣ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಸಿರುಗುಪ್ಪದ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರಿಗಿರುವ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಎಪ್ಪತ್ತು ದಾಟಿದ ಮೇಲೆ ಸರ್ಕಾರದ ಖರ್ಚಿನಲ್ಲಿ ವಿಂಡೋ ಸೀಟು, ನಾಟ್ ಬ್ಯಾಡ್ ಅಂದುಕೊಂಡೆ. ಕಿಟಕಿಯಾಚೆ ನನ್ನ ಸೊಸೆ ಶಿವಲೀಲಾ ತನ್ನ ಎತ್ತರದ ಬೈಕಿನ ಮೇಲೆ, ಒಂದು ಕಾಲಿನ ಹೆಬ್ಬೆರಳ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿಕೊಂಡು, ಬಸ್ಸು ಹೊರಡುವುದನ್ನೇ ಕಾಯುತ್ತಿದ್ದಳು. ಇಬ್ಬರೂ ಹೊರಟದ್ದು ಒಂದೇ ಊರಿಗೆ, ಒಂದೇ ಕೆಲಸಕ್ಕೆ. ಆ ಬೈಕನ್ನು ಅವಳ ಕಾಲಿನ ಅಳತೆಗೆ ಇಳಿಸಿಕೊಂಡು ಬರಬೇಕಿತ್ತು.

ಲೀಲಾ ದನದ ಡಾಕ್ಟರು. ಮೋಕದ ಸುತ್ತಲಿನ ಹಳ್ಳಿಗಳಿಗೆ ದಿನವೂ ಹೋಗಬೇಕು. ಅಲ್ಲಿಯ ಕರಿಮಣ್ಣಿನ ದಾರಿಯಲ್ಲಿ ಒಂದು ಮಳೆ ಬಿದ್ದರೆ ಸಾಕು, ಸ್ಕೂಟರಿನ ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತೇ ಬಿಡುತ್ತಿತ್ತು. ಎಮ್ಮೆ ಕರು ಹಾಕಲಾರದೆ ಒದ್ದಾಡುವಾಗ ಡಾಕ್ಟರು ಸ್ಕೂಟರ್ ತಳ್ಳಿಕೊಂಡು ಬಂದರೆ ಹೇಗೆ? ಅದಕ್ಕೇ ತನ್ನ ಸಂಬಳದಲ್ಲಿ ಕಲ್ಲು, ಕೆಸರು, ಕಾಲುವೆ ದಂಡೆ ಎಲ್ಲಕ್ಕೂ ಆಗುವಂಥ ಬೈಕು ಕೊಂಡಳು. ಆದರೆ ಅದನ್ನು ಮಾಡಿದವರ ಕಣ್ಣಮುಂದೆ ಆರಡಿ ಗಂಡಸು ಇದ್ದನೆಂದು ಕಾಣುತ್ತದೆ. ಲೀಲಾ ನನ್ನಷ್ಟೇ, ಐದಡಿಗೂ ಬೆರಳಷ್ಟು ಕಡಿಮೆ. ಗಾಡಿ ಓಡುವಾಗ ಏನೂ ತೊಂದರೆಯಿಲ್ಲ, ನಿಲ್ಲಿಸುವಾಗ ಕಾಲು ಚಾಚಿದ ಕಡೆ ನೆಲ ಸಿಗುತ್ತಿರಲಿಲ್ಲ. ಎರಡು ಸಲ ಬಿದ್ದಳು. ಎರಡನೆಯ ಸಲ ಪಾದ ಊದಿ ವಾರಗಟ್ಟಲೆ ಕುಂಟಿದಳು.

ನನ್ನ ಮಗ ವೀರೇಶ ಅಂಜಿದ. ಗಂಡಸರು ಅಂಜಿದಾಗ ಸಿಟ್ಟು ಮಾಡುತ್ತಾರೆ. "ಕುರುಗೋಡಿನ ಪಂಪಾಪತಿಗೆ ಕೊಟ್ಟುಬಿಡೂಣು. ಅವ ಎತ್ತರ ಅದಾನ, ಯಾವಾಗಿಂದಲೋ ಕೇಳಾಕತ್ಯಾನ" ಎಂದ. ಪಂಪಾಪತಿ ನನ್ನ ಭಾವನ ಮಗ, ಎಲ್ಲರ ಮನೆ ಬಾಗಿಲಲ್ಲೂ ತಲೆ ಬಗ್ಗಿಸಿ ಬರುವವನು. ಲೀಲಾ ಒಪ್ಪಲಿಲ್ಲ. ಹಲವು ದಿನ ಮಾತು ಬೆಳೆದು, ಕೊನೆಗೆ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ಗಾಡಿ ಇಳಿಸಿ ನೋಡುವುದು, ಇಳಿಸಿದ ಮೇಲೂ ಬಿದ್ದರೆ ಅದು ಪಂಪಾಪತಿಗೆ, ಅವನಿಗೂ ಹಾಗೇ ತಿಳಿಸಿಯಾಯಿತು. ಹಾಗಾಗಿ ಮತ್ತೆ ಬಿಚ್ಚಿ ಮೊದಲಿನಂತೆ ಎತ್ತರ ಮಾಡಲು ಬರುವಂಥ ಕೆಲಸವನ್ನಷ್ಟೇ ಮಾಡಿಸಬೇಕು, ಏನನ್ನೂ ಕೊಯ್ಯುವಂತಿಲ್ಲ. "ಅವ್ವಾ, ನೀನೂ ಹೋಗು. ಕಾನ್ವೆಂಟಿನಾಗ ಕಲ್ತಾಕಿ, ಸುಳ್ಳು ಹೇಳಂಗಿಲ್ಲ. ನೀನ ಅಂಪೈರು" ಎಂದ ಮಗ.

ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರಿಗೂ ಮೇಲೆ. ಚಳಿ ಹೆಚ್ಚಿಲ್ಲ, ನಮ್ಮ ಕಡೆ ಅಷ್ಟನ್ನೇ ಚಳಿ ಎಂದು ಕರೆದು ಮಫ್ಲರ್ ಸುತ್ತಿಕೊಳ್ಳುತ್ತಾರೆ. ಕಾಲುವೆ ನೀರಿನ ಸೀಮೆ ಶುರುವಾದ ಮೇಲೆ ಎರಡೂ ಕಡೆ ಭತ್ತ, ಕೊಯ್ಲಿನ ಯಂತ್ರಗಳು, ಅವುಗಳ ಹಿಂದೆ ಬೆಳ್ಳಕ್ಕಿಗಳ ಸಾಲು. ಲೀಲಾ ಒಮ್ಮೆ ಬಸ್ಸಿನ ಮುಂದೆ, ಒಮ್ಮೆ ಹಿಂದೆ. ಓಡುವಾಗ ನೋಡಲು ಅವಳು ಎಷ್ಟು ಚೆಂದ! ಬೆನ್ನು ನೆಟ್ಟಗೆ, ಭುಜ ಸಡಿಲ. "ಸಿಟ್ ಸ್ಟ್ರೇಟ್, ಗರ್ಲ್ಸ್" ಎನ್ನುತ್ತಿದ್ದ ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು. ನನಗೆ ನೀಡ್ಲ್‌ವರ್ಕ್, ಎಲೊಕ್ಯೂಷನ್ ಎಲ್ಲ ಬಂತು, ಸೈಕಲ್ ಮಾತ್ರ ಬರಲಿಲ್ಲ. ಅಣ್ಣನ ಸೈಕಲ್ಲಿನ ಪೆಡಲು ನನ್ನ ಕಾಲಿಗೆ ಎಟುಕುತ್ತಿರಲಿಲ್ಲ. "ಎತ್ತರ ಆಗು, ಆಮ್ಯಾಲೆ ಕಲಿಯುವಂತಿ" ಎಂದರು ಎಲ್ಲರೂ. ನಾನು ಎತ್ತರವಾಗುವುದನ್ನು ಕಾಯುತ್ತಾ ಕಾಯುತ್ತಾ ಮದುವೆಯಾಯಿತು. ನಟ್ಟು ಸಡಿಲಿಸಿ ಸೀಟು ಇಳಿಸಬಹುದಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ನನಗೂ.

ಸಿರುಗುಪ್ಪ ಲೀಲಾಳ ತವರು. ಗ್ಯಾರೇಜಿನ ಖಾದರ್ ಅವಳ ಜೊತೆ ಶಾಲೆಯಲ್ಲಿ ಓದಿದವನು. ಅಂಗಡಿ ರೈಸ್ ಮಿಲ್ಲಿನ ಪಕ್ಕದಲ್ಲಿದ್ದುದರಿಂದ ಅವನ ತಲೆ, ಮೀಸೆ, ಸ್ಪ್ಯಾನರು ಎಲ್ಲದರ ಮೇಲೂ ತೆಳ್ಳಗೆ ತೌಡಿನ ಧೂಳು.

"ಬಂದಳು ನೋಡ್ರಿ ಗಿಡ್ಡಿ!" ಎಂದ. "ಪ್ರೇಯರ್ ಲೈನಿನಾಗ ಎಲ್ಲಾರಿಗಿಂತ ಮುಂದ ನಿಂದ್ರಾಕಿ, ಈಗ ಊರಿಗೆ ದೊಡ್ಡ ಗಾಡಿ ನಿನಗ ಬೇಕಾತೇನು?"

"ಬಾಯಿ ಮುಚ್ಚಿ ಸ್ಪ್ಯಾನರ್ ತಗಿಲೇ ಖಾದರ್. ನಿನ್ನ ಆಡು ಜಡ್ಡು ಬಿದ್ದಾಗ ಎತ್ತರದ ಡಾಕ್ಟರನ್ನ ಕರಿ ಹಂಗಾದ್ರ."

ಅವನು ನಕ್ಕು ನನಗೆ ಕುರ್ಚಿ ಹಾಕಿದ. ಹಿಂದಿನ ಚಕ್ರದ ಮೇಲೆ ಸೀಟಿನ ಕೆಳಗೆ ಸ್ಪ್ರಿಂಗಿಗೆ ಜೋಡಿಸಿದ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಅವನ್ನು ತೆಗೆದು, ಅವುಗಳಿಗಿಂತ ತುಸು ಉದ್ದದ ಪಟ್ಟಿ ಹಾಕಿದರೆ ಗಾಡಿಯ ಹಿಂಭಾಗ ಕೂರುತ್ತದೆ. ಹಿಂದೆ ಮಾತ್ರ ಇಳಿಸಿದರೆ ಹೆಡ್‌ಲೈಟು ಆಕಾಶ ನೋಡುತ್ತದೆ, ಆದ್ದರಿಂದ ಮುಂದಿನ ಫೋರ್ಕಿನ ಕೊಳವೆಗಳನ್ನು ಹಿಡಿತ ಸಡಿಲಿಸಿ ಅಷ್ಟೇ ಮೇಲಕ್ಕೆ ಸರಿಸಬೇಕು. ನಾಲ್ಕಿಂಚು ಇಳಿಸು ಎಂದು ಲೀಲಾ, ಒಂದೂವರೆ ಸಾಕು ಎಂದು ಖಾದರ್. "ಮೋಕದ ಕರಿಮಣ್ಣಾಗ ಗಾಡಿ ಹೊಟ್ಟಿ ಬಡೀತೈತಿ. ಮತ್ತ ಸ್ಕೂಟರ್ ತಗೊಂಡಂಗ ಆತು" ಎಂದ. ಸಂತೆಯಲ್ಲಿ ಎತ್ತಿನ ಚೌಕಾಸಿ ನಡೆದಂತೆ ನಡೆದು ಎರಡಿಂಚಿಗೆ ನಿಂತಿತು. ಉಳಿದ ಕೊರತೆಯನ್ನು ದಪ್ಪ ಅಟ್ಟೆಯ ಬೂಟು ತುಂಬಬೇಕು.

ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ನಾವು ತಿಂದು ಮುಗಿಸುವಷ್ಟರಲ್ಲಿ ಗಾಡಿ ಇಳಿದಿತ್ತು. ಲೀಲಾ ಹತ್ತಿದಳು. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲ ಹಿಡಿದವು. ಅವಳು ಕೂತಲ್ಲೇ ಗಾಡಿಯನ್ನು ಎಡಕ್ಕೆ ಬಲಕ್ಕೆ ತೂಗಿಸಿ ನೋಡಿದಳು, ಮತ್ತೆ ತೂಗಿಸಿದಳು.

ತೊಡಕು ಕಂಡದ್ದು ಇಳಿದಾಗ. ಗಾಡಿ ತಗ್ಗಾಗಿತ್ತು, ಸೈಡ್ ಸ್ಟ್ಯಾಂಡು ಮೊದಲಿನಷ್ಟೇ ಉದ್ದ. ಸ್ಟ್ಯಾಂಡಿನ ಮೇಲೆ ತುಸು ವಾಲಿ ನಿಲ್ಲಬೇಕಾದ ಗಾಡಿ ಪರೇಡಿಗೆ ನಿಂತ ಸಿಪಾಯಿಯಂತೆ ಸೆಟೆದು ನಿಂತಿತು. ಬಲಕ್ಕೆ ಒಂದು ಬೆರಳು ತಾಗಿಸಿದರೆ ಉರುಳುವಂತಿತ್ತು.

"ಇದನ್ನ ಒಂದಿಂಚು ಕೊಯ್ದು ಬೆಸುಗಿ ಹಾಕಬೇಕು" ಎಂದ ಖಾದರ್. "ಆದ್ರ ಕೊಯ್ದ ಮ್ಯಾಲೆ ಗಾಡಿ ಎತ್ತರ ಮಾಡಿದ್ರ ಸ್ಟ್ಯಾಂಡ್ ಸಾಲಂಗಿಲ್ಲ. ಹೊಸಾದು ಬರಾಕ ತಿಂಗಳುಗಟ್ಟಲೆ ಕಾಯಬೇಕು. ಕೊಯ್ದ್ರ ಗಾಡಿ ನಿಂದ ಆತು ಅಂತ ತಿಳಕ."

ಲೀಲಾ ಗಂಡನಿಗೆ ಫೋನ್ ಮಾಡಿದಳು. "ಕೊಯ್ಯೂದು ಬ್ಯಾಡ. ಮಾತಂದ್ರ ಮಾತು" ಎಂದ ವೀರೇಶ. ಹಾಗಾದರೆ ತಗ್ಗು ನೋಡಿ, ಅದರೊಳಗೆ ಸ್ಟ್ಯಾಂಡ್ ಇಳಿಬಿಟ್ಟು ನಿಲ್ಲಿಸು ಎಂದು ಖಾದರ್ ಉಪಾಯ ಹೇಳಿದ. ಸಿರುಗುಪ್ಪದ ಮೆತ್ತನೆ ಮಣ್ಣಿನಲ್ಲಿ ತಗ್ಗಿಗೇನು ಬರ?

ರಾತ್ರಿ ಲೀಲಾಳ ತವರುಮನೆಯಲ್ಲಿ ಉಳಿದೆವು. ಮರುದಿನ ಬೆಳಿಗ್ಗೆ ಜೋಳದ ರೊಟ್ಟಿ ತಿಂದು, ಕೆಂಚನಗುಡ್ಡದ ಹೊಳೆಯವರೆಗೆ ಹೋಗಿಬರೋಣ ಎಂದಳು ಅವಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಾಲು ಆಚೀಚೆ ಹಾಕಿ ಕೂರಲು ನನ್ನ ಮಂಡಿಯ ಆರ್ಥ್ರೈಟಿಸ್ ಒಪ್ಪುವುದಿಲ್ಲ. ಒಂದೇ ಕಡೆ ಕೂತರೆ ನನ್ನ ಭಾರವೆಲ್ಲ ಎಡಕ್ಕೆ. ಅಂಪೈರ್ ಆಗಿ ಹೇಳುತ್ತೇನೆ, ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕಟ್ಟೆಯ ಮೇಲಿನಿಂದ ಕೂತಾಗ ಗಾಡಿ ವಾಲಿತು, ಅವಳ ಎಡಗಾಲು ನೆಲವನ್ನು ಒತ್ತಿತು, ಗಾಡಿ ನೆಟ್ಟಗಾಯಿತು.

"ಅತ್ತಿ, ಅಂಜಿಕಿ ಆತೇನ್ರಿ?"

"ಅಂಜಿಕಿ ಅಲ್ಲವಾ, ಥ್ರಿಲ್" ಎಂದೆ.

ತುಂಗಭದ್ರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ನೀರು ಕಡಿಮೆ, ಬಂಡೆಗಳು ಹೆಚ್ಚು. ಅಲ್ಲಿಂದ ತಿರುಗಿ ಸಿರುಗುಪ್ಪ, ತೆಕ್ಕಲಕೋಟೆ ದಾಟಿ, ಪಂಪಾಪತಿಯ ಮನೆ ಹೊಕ್ಕು ಬಳ್ಳಾರಿ ಸೇರೋಣವೆಂದು ಕುರುಗೋಡಿನ ದಾರಿ ಹಿಡಿದೆವು. ಮುಂದೆ ಮಗಳಂಥ ಸೊಸೆಯ ಬೆನ್ನು, ಕೆಳಗೆ ಓಡುವ ಟಾರು. ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್ ಬಂದಾಗ ಲೀಲಾ ಭತ್ತದ ಅಂಚಿನಲ್ಲೇ ನಿಂತಳು. ಕಾಲು ಇಟ್ಟಳು, ಟ್ರ್ಯಾಕ್ಟರ್ ಹೋಯಿತು, ಕಾಲು ಎತ್ತಿದಳು. ನನಗೆ ಅಲುಗಿದ್ದೇ ಗೊತ್ತಾಗಲಿಲ್ಲ. ಹಿಂದಿನಿಂದ ಅವಳ ಹೆಲ್ಮೆಟ್ಟಿನ ಮೇಲೆ ಒಂದು ಮುತ್ತು ಕೊಡೋಣವೆನ್ನಿಸಿತು, ಕೊಡಲಿಲ್ಲ. ಡ್ರೈವರನ್ನು ಡಿಸ್ಟರ್ಬ್ ಮಾಡಬಾರದು.

ಕುರುಗೋಡು ಕಲ್ಲಿನ ಊರು. ಗುಡ್ಡವೆಂದರೆ ಬಂಡೆ, ಅಂಗಳವೆಂದರೂ ಬಂಡೆ. ಪಂಪಾಪತಿಯ ಮನೆ ಮುಂದೆ ಚಪ್ಪಡಿ ಹಾಸಿದ್ದರು, ತಗ್ಗು ಎಲ್ಲಿಂದ ಬರಬೇಕು? ಲೀಲಾ ಸುತ್ತಲೂ ನೋಡಿ, ಬೇರೆ ದಾರಿಯಿಲ್ಲದೆ ಚಪ್ಪಡಿಯ ಮೇಲೇ ನಿಲ್ಲಿಸಿದಳು. "ಭಾವಾ, ಮುಟ್ಟಬ್ಯಾಡ್ರಿ, ನಿಲ್ಲೂದು ಸೂಕ್ಷ್ಮ ಐತಿ" ಎಂದು ಹೇಳಿಯೇ ಒಳಗೆ ಬಂದಳು. ಪಂಪಾಪತಿಯ ತಾಯಿ, ನನ್ನ ನೆಗೆಣ್ಣಿ ಗೌರಕ್ಕ, ನಾವು ಬರುತ್ತೇವೆಂದು ಕೇಳಿದಾಗಲೇ ಗಾಡಿ ಇನ್ನು ತಮ್ಮದೇ ಎಂದುಕೊಂಡು ತೆಂಗಿನಕಾಯಿ, ಕುಂಕುಮ, ನಿಂಬೆಹಣ್ಣು ತಟ್ಟೆಯಲ್ಲಿ ಸಿದ್ಧ ಮಾಡಿಟ್ಟಿದ್ದಳು. ನಾವು ನೀರು ಕುಡಿಯುತ್ತಿದ್ದೆವು. ಹೊರಗೆ ಧಡ್ ಎಂಬ ಸದ್ದು.

ಪಂಪಾಪತಿ ಕಾಲು ಎತ್ತಿ ಹತ್ತಲು ಹೋಗಿದ್ದ. ಗಾಡಿ ಬಲಕ್ಕೆ ಬಿದ್ದಿತ್ತು, ಕನ್ನಡಿ ಒಡೆದಿತ್ತು. ಅವನು ಎತ್ತಲು ಬಗ್ಗಿದ. ಲೀಲಾ "ಬಿಡ್ರಿ" ಎಂದವಳೇ ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಮಲಗಿದ ಎಮ್ಮೆಯನ್ನು ಎಬ್ಬಿಸುವವಳಂತೆ ಹೆಜ್ಜೆ ಹೆಜ್ಜೆಗೂ ಹಿಂದೆ ಸರಿದು ಎತ್ತಿ ನಿಲ್ಲಿಸಿದಳು.

ಪಂಪಾಪತಿ ಮೊದಲು ನಾಚಿದ, ಆಮೇಲೆ ನಕ್ಕ. "ಏನಾರ ಆಗ್ಲಿ, ಇಳಿಸಿದ ಮ್ಯಾಲೆ ಬಿತ್ತಿಲ್ಲೋ? ಹಂಗಾದ್ರ ಗಾಡಿ ನಂದು. ಚಿಕ್ಕವ್ವಾ, ಅಂಪೈರ್ ನೀನ, ಹೇಳು."

"ಬಿತ್ತು" ಎಂದೆ. "ಆದ್ರ ಬೀಳಿಸಿದಾವ ನೀನು."

"ಯಾರು ಬೀಳಿಸಬೇಕಂತ ಒಪ್ಪಂದದಾಗ ಇತ್ತೇನು?"

ಇರಲಿಲ್ಲ. ಅವನು ಹೇಳಿದ್ದು ಟೆಕ್ನಿಕಲಿ ಕರೆಕ್ಟ್. ಲೀಲಾ ಒಡೆದ ಕನ್ನಡಿಯ ಚೂರುಗಳನ್ನು ಆರಿಸಿ ಒಂದು ಕಡೆ ಇಟ್ಟಳು. ಆಮೇಲೆ ಸಮಾಧಾನದಿಂದಲೇ ಕೇಳಿದಳು: "ಭಾವಾ, ಇಲ್ಲಿ ವೆಲ್ಡಿಂಗ್ ಅಂಗಡಿ ಎಲ್ಲೈತ್ರಿ?"

"ಯಾಕ?"

"ಸ್ಟ್ಯಾಂಡ್ ಕೊಯ್ಸತೀನಿ. ನಿಂತ ನಿಂತ ಕಡಿ ತಗ್ಗು ಹುಡುಕ್ಕೋತ ಕೆಲಸ ಮಾಡಾಕ ಆಗಂಗಿಲ್ರಿ. ಗಾಡಿ ಕೊಡಂಗಿಲ್ಲ. ಅವರಿಗೆ ಮಾತು ಕೊಟ್ಟಾಕಿ ನಾನು, ಮಾತು ಮುರದೆ ಅಂತ ನಾನ ಹೇಳ್ತೀನಿ."

"ತಡಿ ಚಿಕ್ಕವ್ವಾ ಆಕಿನ್ನ!" ಎಂದ ಪಂಪಾಪತಿ. ನಾನು ಕೈಚೀಲ ತೆಗೆದುಕೊಂಡು ಜಗಲಿಯ ಮೇಲೆ ಹೋಗಿ ನಿಂತೆ, ಗಾಡಿ ಹತ್ತಲು ಅಲ್ಲಿಂದ ಅನುಕೂಲ.

ಕಿಟಕಿಯ ಗ್ರಿಲ್ ಮಾಡುವ ಅಂಗಡಿ. ಲೀಲಾ ಸ್ಟ್ಯಾಂಡಿಗೆ ಸೀಮೆಸುಣ್ಣದ ಗೆರೆ ತಾನೇ ಎಳೆದಳು. ಕಿಡಿ ಹಾರಿದವು, ಒಂದಿಂಚಿನ ತುಂಡು ಟಣ್ಣೆಂದು ಕೆಳಗೆ ಬಿತ್ತು, ಅಡಿಯ ಪಾದವನ್ನು ಮತ್ತೆ ಬೆಸೆದರು. ಕಾದ ಕಬ್ಬಿಣ ಆರಿದ ಮೇಲೆ ಗಾಡಿ ಹದವಾಗಿ ವಾಲಿ, ಊಟವಾದ ಮೇಲೆ ಕಂಬಕ್ಕೊರಗಿದವರಂತೆ ನೆಮ್ಮದಿಯಾಗಿ ನಿಂತಿತು. ನಮ್ಮ ಹಿಂದೆಯೇ ಬಂದಿದ್ದ ಪಂಪಾಪತಿ ಎರಡೂ ಕೈಯಿಂದ ದೂಡಿ ನೋಡಿದ. ಗಾಡಿ ಜಗ್ಗಲಿಲ್ಲ. "ಗಿಡ್ಡ ಇದ್ರೂ ಗಟ್ಟಿ ಅದೀಯವ್ವ" ಎಂದ. ಗಾಡಿಗೋ ಸೊಸೆಗೋ ನಾನು ಕೇಳಲಿಲ್ಲ. ಗೌರಕ್ಕ ತಟ್ಟೆ ವ್ಯರ್ಥ ಮಾಡುವವಳಲ್ಲ, ನಮ್ಮನ್ನು ಮನೆಗೆ ಕರೆಸಿ ಕಾಯಿ ಒಡೆದಳು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು. ಲೀಲಾ ಅದನ್ನು ತುಳಿಸಿಕೊಂಡು ಹೊರಟಳು.

ಬಳ್ಳಾರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಕೋಟೆಯ ಗುಡ್ಡ ಕಾಣುವ ಹೊತ್ತಿಗೆ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಅವಳು ಮನೆಯಲ್ಲಿ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದಳೆಂದು ಕಾಣುತ್ತದೆ.

ವೀರೇಶ ಗೇಟಿನಲ್ಲೇ ನಿಂತಿದ್ದ. ತಾಯಿ ಬೈಕಿನಿಂದ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದ. "ಬಸ್ಸಿಗೆ ಬರ್ತೀನಿ ಅಂದಿದ್ದೆಲ್ಲವ್ವ?... ಬಿತ್ತೇನು?"

"ಬಿತ್ತು" ಎಂದೆ. ಪಂಪಾಪತಿ ಹತ್ತಲು ಹೋದದ್ದು, ಕನ್ನಡಿ, ಎಲ್ಲ ಹೇಳಿದೆ. "ನನ್ನನ್ನ ಹಿಂದ ಕೂಡಿಸ್ಕೊಂಡು ಸಿರುಗುಪ್ಪದಿಂದ ತಂದಾಳ. ಆಕಿ ಮ್ಯಾಲಿದ್ದಾಗ ಒಮ್ಮೆನೂ ಬೀಳಲಿಲ್ಲ. ಅಂಪೈರ್ ರಿಪೋರ್ಟ್ ಇಷ್ಟ."

"ಸ್ಟ್ಯಾಂಡ್ ಕೊಯ್ಸೀನ್ರಿ" ಎಂದಳು ಲೀಲಾ. "ಮಾತು ಮುರದೆ. ನಿಮಗ ಸಿಟ್ಟು ಬಂದ್ರ ಬರ್ಲಿ."

ಅವನು ಬಗ್ಗಿ ಹೊಸ ಬೆಸುಗೆಯ ಗುರುತನ್ನು ಮುಟ್ಟಿ ನೋಡಿದ. ಎದ್ದು, ಗಾಡಿಯ ಮೇಲೆ ಕೂತ. ಕಾಲು ನೆಲಕ್ಕೆ ಊರಿದಾಗ ಮೊಣಕಾಲು ಎರಡೂ ಮಡಚಿ ಆಚೀಚೆ ಚಾಚಿದವು. "ಇನ್ನ ಇದು ನನಗೂ ಆಗಂಗಿಲ್ಲ, ಪಂಪಾಪತಿಗೂ ಆಗಂಗಿಲ್ಲ" ಎಂದು ಇಳಿದು, ಕನ್ನಡಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಕೇಳಿದ.

ಸೋಮವಾರ ಬೆಳಿಗ್ಗೆ ಫೋನು ಬಂತು, ಮೋಕದ ಆಚೆ ಯಾರದೋ ಹಸುವಿಗೆ ಹೊಟ್ಟೆಯುಬ್ಬರ. ಲೀಲಾ ಔಷಧಿ ಚೀಲ ಕಟ್ಟಿಕೊಂಡು ಹೊರಟಳು. ಓಣಿಯ ತಿರುವಿನಲ್ಲಿ ತರಕಾರಿ ಗಾಡಿ ಅಡ್ಡ ಬಂತು. ಅವಳು ನಿಂತಳು, ಎರಡೂ ಕಾಲು ನೆಲಕ್ಕೆ ಊರಿ, ಗಾಡಿಯವನು ದಾಟುವವರೆಗೆ ಅವಸರವಿಲ್ಲದೆ ಕಾದು, ಹೋದಳು. ವೀರೇಶ ಮಾಳಿಗೆಯ ಮೇಲಿನಿಂದ ಅದನ್ನೇ ನೋಡುತ್ತಿದ್ದ. ಅವನ ಮುಖದ ಅಂಜಿಕೆ ಇಳಿಯುವುದನ್ನು ನಾನು ನೋಡುತ್ತಿದ್ದೆ.