ಮುಚ್ಚಳದ ಮೇಲೆ ಕೂತ ರೋಸಮ್ಮ ಮೇಡಂ

ರಬ್ಬರ್ ಫ್ಯಾಕ್ಟರಿಯ ಹಿಂದೆ, ಕೊಳೆನೀರಿನ ಟ್ಯಾಂಕಿನ ಕಬ್ಬಿಣದ ಮುಚ್ಚಳದ ಮೇಲೆ ರೋಸಮ್ಮ ಮೇಡಂ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದುರಿಗೆ ಮ್ಯಾನೇಜರು, ಪಂಪು ನೋಡಲು ಬಂದ ಇಬ್ಬರು ಫಿಟ್ಟರುಗಳು, ಉಟ್ಟ ಮುಂಡುಪಂಚೆ ಸೊಂಟದಿಂದ ಕೆಳಗೆ ಒದ್ದೆಯಾಗಿದ್ದ ನನ್ನ ಸೋದರಮಾವ ಕುಶಾಲಪ್ಪ, ಶಿಫ್ಟಿನ ಸೂಪರ್‌ವೈಸರ್ ಆಗಿದ್ದ ನಾನು. ನಮ್ಮ ಬೆನ್ನಿಗೆ, ಕೆಲಸ ನಿಂತು ಹೊರಗೆ ಬಂದ ಅಷ್ಟೂ ಜನ. ಅಲ್ಲಿದ್ದವರಲ್ಲಿ ಆಕೆಯನ್ನು ಬೈಯದವರು ಒಬ್ಬರೂ ಇರಲಿಲ್ಲ. ಬೈಗುಳಗಳು ತುಳುವಿನಲ್ಲಿ ಬಂದವು, ಅರೆಭಾಷೆಯಲ್ಲಿ ಬಂದವು, ಮಲಯಾಳದಲ್ಲೂ ಬಂದವು. ದುರದೃಷ್ಟಕ್ಕೆ ಅವರಿಗೆ ಮೂರೂ ಅರ್ಥವಾಗುತ್ತಿದ್ದವು.

ರೋಸಮ್ಮ ಇಚಿಲಂಪಾಡಿಯವರು. ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಇಟ್ಟ ಮನೆತನ. ನಮ್ಮ ಕಡಬದ ಫ್ಯಾಕ್ಟರಿಯಲ್ಲಿ ಕೆಲಸಗಾರರಿಗೆ ಪೆಟ್ಟಾಗದಂತೆಯೂ, ಹೊರಗೆ ಹೋಗುವ ನೀರು ಕೆಡದಂತೆಯೂ ನೋಡಿಕೊಳ್ಳುವುದು ಅವರ ಕೆಲಸ. ಗಟ್ಟಿ ಆಳು, ಗಂಡುದನಿ, ಹುಬ್ಬುಗಳು ಸದಾ ಜಗಳಕ್ಕೆ ಕರೆದ ಹಾಗೆ. ಒಳ್ಳೆಯ ಮಾತು ಅವರ ಬಾಯಿಂದ ಬಿದ್ದದ್ದನ್ನು ಕೇಳಿದವರು ನನಗೆ ಸಿಕ್ಕಿಲ್ಲ. ಒಮ್ಮೆ ಆಸಿಡ್ ಡ್ರಮ್ಮಿನ ಹತ್ತಿರ ಹವಾಯಿ ಚಪ್ಪಲಿಯಲ್ಲಿ ನಿಂತಿದ್ದವನ ಕಾಲಿಂದಲೇ ಚಪ್ಪಲಿ ಬಿಚ್ಚಿಸಿ, ಕಾಂಪೌಂಡಿನಾಚೆ ಎಸೆದರು.

"ನಾನು ಮನೆಗೆ ಹೋಗುದು ಹೇಗೆ ಮೇಡಂ?" ಎಂದು ಅವನು ಕೇಳಿದ.

"ಕಾಲು ಉಂಟಲ್ಲ ಮಾರಾಯ, ನಡಿ. ಆಸಿಡ್ ಬಿದ್ದಿದ್ರೆ ಅದೂ ಇರ್ತಿರ್ಲಿಲ್ಲ."

ನನ್ನ ತಂಗಿಯ ಮದುವೆಗೆ ಬಂದ ರೋಸಮ್ಮ ಮದುಮಗಳನ್ನು ನೋಡುವ ಮೊದಲು ಅಡುಗೆ ಚಪ್ಪರಕ್ಕೆ ನುಗ್ಗಿದರು. ಗ್ಯಾಸು ಮುಗಿಯುತ್ತ ಬಂದಿದೆ ಎಂದು ಭಟ್ಟರು ಸಿಲಿಂಡರನ್ನು ಅಡ್ಡ ಮಲಗಿಸಿದ್ದರು. ರೋಸಮ್ಮ ನೇರ ಹೋಗಿ ಅದನ್ನು ಬಂದ್ ಮಾಡಿದರು. ಪಾಯಸ ಅರ್ಧ ಬೆಂದು ಕೂತಿತು. ಭಟ್ಟರು ಸೌಟು ಹಿಡಿದು ಕುಣಿದರು. "ಈ ಹೆಂಗಸನ್ನು ಕರೆದದ್ದು ಯಾರು?" ಎಂದು ಗಂಡಿನ ಕಡೆಯವರೂ ಕೇಳಿದರು. ಕರೆದದ್ದು ನಾನು. ಬಾಳೆಲೆ ಹಾಕಲು ಹೋದೆ.

ದಿನಾ ಬೆಳಿಗ್ಗೆ ಬಂದ ಕೂಡಲೇ ರೋಸಮ್ಮ ಫ್ಯಾಕ್ಟರಿಯ ನೀರು ಊರಿನ ಸಣ್ಣ ಹಳ್ಳಕ್ಕೆ, ನಮ್ಮ ತೋಡಿಗೆ, ಸೇರುವ ಜಾಗಕ್ಕೆ ಹೋಗಿ, ಬಾಟ್ಲಿಯಲ್ಲಿ ನೀರು ಹಿಡಿದು, ಬಿಸಿಲಿಗೆ ಎತ್ತಿ ನೋಡುತ್ತಿದ್ದರು. ತೋಡಿನ ಕೆಳಗಿನ ಮನೆಯವರಿಗೆ ಅವರು ಫ್ಯಾಕ್ಟರಿಯ ಕಳ್ಳತನ ಮುಚ್ಚಲು ಬಂದವರು. ನಮ್ಮ ಧಣಿಗಳ ಲೆಕ್ಕದಲ್ಲಿ ಅವರು ಊರವರಿಗೆ ಸುದ್ದಿ ಕೊಡುವವರು. ಎರಡೂ ಕಡೆಯ ಉಗಿತ ಅವರಿಗೇ. ಒಮ್ಮೆ ನಾನು ಉಪಚಾರಕ್ಕೆ, "ಸ್ವಲ್ಪ ನಯವಾಗಿ ಹೇಳಬಹುದಲ್ಲ ಮೇಡಂ, ಜನ ನಿಮ್ಮನ್ನು ಇಷ್ಟಪಡ್ತಾರೆ" ಎಂದೆ.

"ಇಷ್ಟಪಡ್ಲಿಕ್ಕೆ ಅವರಿಗೆ ಮನೆಯಲ್ಲಿ ಹೆಂಡತಿ ಉಂಟು. ಸಂಜೆ ಅವಳ ಹತ್ರ ಕೈಕಾಲು ಸಮೇತ ಇಡೀ ಹೋಗ್ಲಿ, ಅಷ್ಟೇ ಸಾಕು ನಂಗೆ" ಎಂದರು.

ಟ್ಯಾಂಕಿನ ಗಲಾಟೆಯಾದದ್ದು ರಬ್ಬರ್ ಹಾಲು ಹೊಳೆಯ ಹಾಗೆ ಬರುವ ಕಾಲದಲ್ಲಿ. ಹಾಲಿನ ಕಸ ಗಟ್ಟಿಯಾಗಿ ಟ್ಯಾಂಕಿನ ತಳದ ಪಂಪಿಗೆ ಸಿಕ್ಕಿಕೊಂಡಿತ್ತು. ನೀರು ಏರುತ್ತಿತ್ತು, ಉಕ್ಕಿದರೆ ನೇರ ತೋಡಿಗೆ. ರೋಸಮ್ಮ ಮೊದಲು ಮಾಡಿದ್ದು ಇಡೀ ಫ್ಯಾಕ್ಟರಿಯನ್ನು ನಿಲ್ಲಿಸಿದ್ದು. ಆ ದಿನ ಬಂದ ಹಾಲೆಲ್ಲ ಡ್ರಮ್ಮುಗಳಲ್ಲೇ ಗಟ್ಟಿಯಾಗಿ ಕೆಟ್ಟುಹೋಗುವುದು ಖಂಡಿತವಾಯಿತು.

"ಒಬ್ಬ ಇಳಿದು ಆ ಮುದ್ದೆ ಎಳೆದು ತೆಗೆದರೆ ಮುಗೀತು. ಎಂತ ದೊಡ್ಡ ಕೆಲಸ?" ಎಂದರು ಮ್ಯಾನೇಜರು.

"ಒಳಗೆ ಗಾಳಿ ಊದುವ ಬ್ಲೋವರ್ ಸುಟ್ಟುಹೋಗಿದೆ, ಹೊಸದು ಬೇಕು ಅಂತ ನಾನು ಬಾಯಿ ಬಡ್ಕೊಂಡದ್ದು ಎಷ್ಟು ಸಲ? ಅದು ಬರುವವರೆಗೆ ಯಾರೂ ಇಳಿಯುದಿಲ್ಲ."

ಹಾಗೆಂದು ತಮ್ಮ ಗ್ಯಾಸ್ ಅಳೆಯುವ ಸಣ್ಣ ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಟ್ಯಾಂಕಿಗೆ ಇಳಿಸಿದರು. ಅದು ಕಿರುಚಿಕೊಂಡಿತು.

ಕುಶಾಲಪ್ಪ ಮಾವ ನಕ್ಕರು. ಮಂಡೆಕೋಲು ಊರಿನವರು, ಬಾವಿ ತೋಡುವುದರಲ್ಲಿ, ಹೂಳೆತ್ತುವುದರಲ್ಲಿ ಅರ್ಧ ಆಯುಸ್ಸು ಕಳೆದು, ಕೊನೆಗೆ ನಮ್ಮ ಮನೆಯಲ್ಲಿದ್ದುಕೊಂಡು ಫ್ಯಾಕ್ಟರಿಗೆ ಬರುತ್ತಿದ್ದರು. ಕೆಲಸಗಾರರಿಗೆಲ್ಲ ಹಿರಿಯರು. ಅವರ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

"ಅದು ನಿಮ್ಮ ಪೆಟ್ಟಿಗೆ, ನಿಮ್ಮ ಹಾಗೆಯೇ ಕೂಗ್ತದೆ" ಎಂದರು. "ಈಗ ನೋಡಿ, ವಾಸನೆಯೂ ಇಲ್ಲ. ಬೆಳಿಗ್ಗೆ ಕೊಳೆತ ಮೊಟ್ಟೆಯ ಹಾಗೆ ನಾರ್ತಿತ್ತು."

"ವಾಸನೆ ಹೋದದ್ದು ಟ್ಯಾಂಕಿಂದ ಅಲ್ಲ ಕುಶಾಲಪ್ಪಣ್ಣ, ನಿಮ್ಮ ಮೂಗಿಂದ. ಆ ಗ್ಯಾಸು ಮೊದಲು ಕೊಲ್ಲುದೇ ಮೂಗನ್ನು."

ಮಾವ ಸ್ಟೋರಿಗೆ ಹೋಗಿ ಲಾಟೀನು ಹೊತ್ತಿಸಿಕೊಂಡು, ಹಗ್ಗ ಕಟ್ಟಿ ತಂದರು. ಹಳೆ ಬಾವಿಗೆ ಇಳಿಯುವ ಮೊದಲು ದೀಪ ಇಳಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ದೀಪ ಉರಿದರೆ ಇಳಿಯಬಹುದು, ನಂದಿದರೆ ಇಳಿಯಬಾರದು. ಜನ ದಾರಿ ಬಿಟ್ಟರು. ಮಾವ ಟ್ಯಾಂಕಿಗೆ ಹತ್ತು ಹೆಜ್ಜೆಯಷ್ಟು ದೂರ ಇದ್ದಾಗ ರೋಸಮ್ಮ ಪಕ್ಕದ ನೀರಿನ ಬಕೆಟ್ಟು ಎತ್ತಿ ಲಾಟೀನಿನ ಮೇಲೆ ಸುರಿದರು. ಲಾಟೀನು ನಂದಿತು. ಅಷ್ಟೂ ಜನರೆದುರು ಮಾವನ ಮುಂಡೂ ತೊಯ್ದು ಕಾಲಿಗೆ ಅಂಟಿತು.

"ಬಾವಿಯಲ್ಲಿ ಗಾಳಿ ಇಲ್ಲದಿದ್ರೆ ದೀಪ ನಂದ್ತದೆ. ಇಲ್ಲಿ ಒಳಗಿನ ಗ್ಯಾಸಿಗೇ ಬೆಂಕಿ ಹತ್ತುದು! ನೀವು ಮಾತ್ರ ಅಲ್ಲ, ನಾವೆಲ್ಲ ಹೋಗ್ತೇವೆ!"

"ಹೆಣ್ಣು ಅಂತ ಬಿಟ್ಟೆ ನಿನ್ನನ್ನು" ಎಂದರು ಮಾವ. ಅಲ್ಲಿಯವರೆಗೆ ಇದ್ದ 'ನೀವು' ಅಲ್ಲಿಗೆ ಮುಗಿಯಿತು. "ದೀಪ ಬೇಡದಿದ್ರೆ ಬೇಡ. ನಾನು ಹಾಗೇ ಇಳಿಯುದು. ಯಾರು ತಡೀತಾರೆ ನೋಡುವ!"

ರೋಸಮ್ಮ ಮುಚ್ಚಳ ಎಳೆದು ಹಾಕಿ ಅದರ ಮೇಲೆ ಕೂತರು. ಮ್ಯಾನೇಜರು ಕೆಲಸದಿಂದ ತೆಗೆಯುವ ಬೆದರಿಕೆ ಹಾಕಿದರು. ಫಿಟ್ಟರುಗಳು ಮುಚ್ಚಳ ಸಮೇತ ಎತ್ತಿ ಬದಿಗಿಡುವ ಮಾತಾಡಿದರು. ಮುಟ್ಟಿದವರ ಕೈ ಮುರಿಯುವುದಾಗಿ ರೋಸಮ್ಮ ಹೇಳಿದರು. ಹೇಳಿದ ರೀತಿಗೆ ಯಾರೂ ಮುಟ್ಟಲಿಲ್ಲ. ಊಟಕ್ಕೆ ಏಳಲಿಲ್ಲ, ನೀರಿಗೆ ಏಳಲಿಲ್ಲ. ಸಂಜೆಗೆ ಧಣಿಗಳೇ ಸೋತು, ಪುತ್ತೂರಿನಿಂದ ಬ್ಲೋವರ್ ತರಿಸಿದರು. ಟ್ಯಾಂಕಿಗೆ ಗಾಳಿ ಊದಿ, ಪೆಟ್ಟಿಗೆ ಸುಮ್ಮನಾದ ಮೇಲೆ, ಮಾರನೆಯ ದಿನ ಫಿಟ್ಟರುಗಳು ಬೆಲ್ಟು ಕಟ್ಟಿಕೊಂಡು ಇಳಿದು ಪಂಪು ಬಿಡಿಸಿದರು. ತೋಡಿಗೆ ಒಂದು ಹನಿ ಹೋಗಲಿಲ್ಲ. ಅದಕ್ಕಾಗಿ ಯಾರೂ ಮೇಡಂಗೆ ಕೈ ಮುಗಿಯಲಿಲ್ಲ. ಹಿರಿಯರ ಮೈಮೇಲೆ ನೀರು ಹೊಯ್ದ ಹೆಂಗಸಿನ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ನಾವೆಲ್ಲ ಧಣಿಗಳಲ್ಲಿ ಹೇಳಿದೆವು. ಧಣಿಗಳಿಗೂ ಅದೇ ಬೇಕಿತ್ತು. ಮುಂದಿನ ತಿಂಗಳು ರೋಸಮ್ಮ ಬರಲಿಲ್ಲ.

ಕೆಲವು ವರ್ಷ ಕಳೆದು, ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಕೂದಲು ಪೂರ್ತಿ ನರೆತಿತ್ತು. ಹುಬ್ಬುಗಳು ಹಾಗೆಯೇ ಇದ್ದವು. ಮಾವ ನನ್ನ ಜೊತೆಗಿದ್ದರು. ಕಂಡ ಕೂಡಲೇ ಮುಖ ಆಚೆ ತಿರುಗಿಸಿದರು.

"ಎಂತ ಕುಶಾಲಪ್ಪಣ್ಣ, ಇನ್ನೂ ಕೋಪವಾ?"

"ಜನರ ಎದುರು ನನ್ನ ಮುಂಡು ಒದ್ದೆ ಮಾಡಿದವಳು ನೀನು. ಸಾಯುವವರೆಗೆ ಮರೆಯುದಿಲ್ಲ."

"ಮರೀಬೇಡಿ" ಎಂದರು ರೋಸಮ್ಮ. "ನಿಧಾನಕ್ಕೆ ಸಾಯಿರಿ."

ನೆಲ್ಯಾಡಿಯ ಬಸ್ಸು ಬಂತು. ಯಾರನ್ನೋ ಫುಟ್‌ಬೋರ್ಡಿನಲ್ಲಿ ನಿಂತದ್ದಕ್ಕೆ ಬೈಯುತ್ತ ಹತ್ತಿಹೋದರು.

ಕಳೆದ ವರ್ಷ ಅವರು ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂದಾಗ, ನಾನೂ ಹಳೆಯ ಫಿಟ್ಟರುಗಳೂ ಜೀಪು ಮಾಡಿಕೊಂಡು ಇಚಿಲಂಪಾಡಿಗೆ ಹೊರಟೆವು. ಮಾವ ಅಂಗಿ ಹಾಕಿಕೊಂಡು ಅಂಗಳಕ್ಕೆ ಬಂದರು. "ನಂಗೆ ನೆಲ್ಯಾಡಿಯಲ್ಲಿ ಸ್ವಲ್ಪ ಕೆಲಸ ಉಂಟು. ಇಚಿಲಂಪಾಡಿಯಿಂದ ಮುಂದೆ ಅದೇ ದಾರಿಯಲ್ವಾ?" ಎಂದು ಹತ್ತಿ ಕೂತರು. ಚರ್ಚಿನ ಹತ್ತಿರ ನಾವೆಲ್ಲ ಇಳಿದೆವು, ಅವರು ಇಳಿಯಲಿಲ್ಲ. ಮಣ್ಣು ಹಾಕಿ ಬರುವವರೆಗೆ ಜೀಪಿನಲ್ಲೇ ಇದ್ದರು. ಆಮೇಲೆ ಡ್ರೈವರ್ ಜೀಪನ್ನು ವಾಪಸು ಕಡಬದ ಕಡೆಗೆ ತಿರುಗಿಸಿದ. ನೆಲ್ಯಾಡಿಯ ಮಾತನ್ನು ಮಾವ ಎತ್ತಲಿಲ್ಲ.